ಗಾಡಿಯ ಬಾಡಿಗೆ, ತೋಳಿನ ಕೂಲಿ

ಒಂದು ಕೋಣೆ, ಒಂದು ಅಡುಗೆಮನೆಯಷ್ಟು ಸಾಮಾನನ್ನು ಬೆಂಗಳೂರಿನೊಳಗೇ ಐದಾರು ಕಿಲೋಮೀಟರ್ ಆಚೆಗೆ ಸಾಗಿಸುವಾಗ ಗಾಡಿ ರಸ್ತೆಯ ಮೇಲಿರುವುದು ಅರ್ಧ ಗಂಟೆ, ಟ್ರಾಫಿಕ್ ಕೆಟ್ಟರೆ ಒಂದು ಗಂಟೆ. ಉಳಿದ ಹೊತ್ತೆಲ್ಲ ಮೆಟ್ಟಿಲ ಮೇಲೆ ಹೋಗುತ್ತದೆ. ಈ ಮನೆಯ ಮೂರನೇ ಮಹಡಿಯಿಂದ ಇಳಿಸಬೇಕು, ಗಾಡಿಗೆ ಏರಿಸಬೇಕು, ಆ ಮನೆಯ ಮುಂದೆ ಮತ್ತೆ ಇಳಿಸಬೇಕು, ಅಲ್ಲಿಂದ ಎರಡನೇ ಮಹಡಿಗೆ ಹೊರಬೇಕು. ಆದರೂ ಫೋನ್ ಎತ್ತಿಕೊಂಡ ಕೂಡಲೇ ನಾವು ಕೇಳುವುದು ‘ಗಾಡಿಗೆ ಎಷ್ಟು?’ ಎಂದೇ. ಆ ಕಡೆಯವರೂ ಕಿಲೋಮೀಟರ್ ಲೆಕ್ಕದಲ್ಲೇ ಉತ್ತರ ಹೇಳುತ್ತಾರೆ. ಮಾತಾಡಿದ್ದು ಗಾಡಿಗೆ, ಕೆಲಸವಿರುವುದು ಮೆಟ್ಟಿಲಲ್ಲಿ. ಸಣ್ಣ ಮನೆ ಬದಲಿಸುವಾಗ ಬಾಗಿಲಲ್ಲಿ ಆಗುವ ಜಗಳಗಳಲ್ಲಿ ಬಹುಪಾಲು ಇಲ್ಲೇ ಹುಟ್ಟುತ್ತವೆ. ಬಾಡಿಗೆ ಮನೆಗಳಲ್ಲೇ ವರ್ಷಗಟ್ಟಲೆ ಇದ್ದು, ಗೆಳೆಯರ, ನೆಂಟರ ಸಾಮಾನು ಸಾಗಿಸುವಾಗ ಜೊತೆಗೆ ನಿಂತು ನೋಡಿ ನಾನು ಕಂಡುಕೊಂಡ ವಿಷಯವಿದು.

ಈ ಊರಿನಲ್ಲಿ ಮನೆ ಬದಲಿಸುವವರಿಗೆ ಬರವಿಲ್ಲ. ಕರಾರೇ ಹನ್ನೊಂದು ತಿಂಗಳದ್ದು. 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಒಂದು ವರ್ಷ ಮೀರುವ ಬಾಡಿಗೆ ಕರಾರನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಆ ಖರ್ಚು, ಆ ಓಡಾಟ ಬೇಡವೆಂದು ಮಾಲೀಕರು, ಬಾಡಿಗೆದಾರರು ಇಬ್ಬರೂ ಹನ್ನೊಂದಕ್ಕೇ ನಿಲ್ಲಿಸುತ್ತಾರೆ. ಅವಧಿ ತುಂಬಿದಾಗ ಬಾಡಿಗೆ ಏರುತ್ತದೆ, ಇಲ್ಲವೇ ಮಾಲೀಕರ ಮಗನಿಗೆ ಮದುವೆ ಗೊತ್ತಾಗುತ್ತದೆ, ಇಲ್ಲವೇ ಆಫೀಸು ನಾಗವಾರದಿಂದ ಬೆಳ್ಳಂದೂರಿಗೆ ಹೋಗಿಬಿಡುತ್ತದೆ. ಪಿಜಿಯಿಂದ ಒಂದು ಕೋಣೆಗೆ, ಒಂದು ಕೋಣೆಯಿಂದ ಒನ್ ಬಿಎಚ್‌ಕೆಗೆ, ಕೆಲಸ ಹೋದರೆ ಮತ್ತೆ ಪಿಜಿಗೆ ಎಂಬ ಓಡಾಟ ವರ್ಷವಿಡೀ ನಡೆದೇ ಇರುತ್ತದೆ.

ಇವರ ಸಾಮಾನಾದರೂ ಎಷ್ಟು? ಒಂದು ಕಾಟು, ಹಾಸಿಗೆ, ಸಿಂಗಲ್ ಡೋರ್ ಫ್ರಿಜ್ಜು, ವಾಷಿಂಗ್ ಮಷೀನು, ಕಂಪ್ಯೂಟರ್ ಟೇಬಲ್ಲು, ಗ್ಯಾಸ್ ಸ್ಟೌ, ಹತ್ತು ಹದಿನೈದು ರಟ್ಟಿನ ಡಬ್ಬ, ಎರಡು ಸೂಟ್‌ಕೇಸು. ಊರಿಂದ ಊರಿಗೆ ಮೂರು ಕೋಣೆಯ ಮನೆಯನ್ನೇ ಎತ್ತಿ ಸಾಗಿಸುವ ಪ್ಯಾಕರ್ಸ್ ಆ್ಯಂಡ್ ಮೂವರ್ಸ್ ಕಂಪನಿಗೆ ಇದು ತೀರಾ ಸಣ್ಣ ಕೆಲಸ. ಅವರು ಸೂಪರ್‌ವೈಸರ್‌ನನ್ನು ಕಳಿಸಿ ಸಾಮಾನು ನೋಡಿಸುವುದಿಲ್ಲ, ಫೋನಿನಲ್ಲೇ ಒಂದು ರೇಟು ಹೇಳಿ ಮುಗಿಸುತ್ತಾರೆ. ಇತ್ತ, ಗೆಳೆಯರನ್ನು ಕಟ್ಟಿಕೊಂಡು ಓಲಾ, ಊಬರ್ ಕಾರಿನಲ್ಲಿ ನಾಲ್ಕು ಟ್ರಿಪ್ ಹೊಡೆದು ಮುಗಿಸುವಷ್ಟು ಸಣ್ಣ ಕೆಲಸವೂ ಇದಲ್ಲ. ಅದೂ ಅಲ್ಲದ ಇದೂ ಅಲ್ಲದ ಈ ಜಾಗವನ್ನು ತುಂಬಿರುವುದು ಲಗೇಜ್ ಆಟೋಗಳು ಮತ್ತು ಟಾಟಾ ಏಸ್‌ಗಳು.

ಟಾಟಾ ಏಸ್ ಬಂದದ್ದು 2005ರಲ್ಲಿ. ಅದಕ್ಕೂ ಮುಂಚೆ ನಗರದೊಳಗಿನ ಸಣ್ಣ ಸಾಗಣೆಗೆ ಇದ್ದದ್ದು ಮೂರು ಚಕ್ರದ ಗೂಡ್ಸ್ ಆಟೋ, ಇಲ್ಲವಾದರೆ ನೇರವಾಗಿ ದೊಡ್ಡ ಟೆಂಪೋ. ನಡುವೆ ಏನೂ ಇರಲಿಲ್ಲ. ಗಿರೀಶ್ ವಾಘ್ ಅವರ ಮುಂದಾಳತ್ವದ ಎಂಜಿನಿಯರುಗಳ ತಂಡ ಎರಡು ಸಿಲಿಂಡರಿನ ಪುಟ್ಟ ಡೀಸೆಲ್ ಎಂಜಿನ್ ಇಟ್ಟು, ಮುಕ್ಕಾಲು ಟನ್ ಹೊರುವ ನಾಲ್ಕು ಚಕ್ರದ ಗಾಡಿ ಮಾಡಿತು. ಉತ್ತರದವರು ಅದನ್ನು ಛೋಟಾ ಹಾಥಿ ಎಂದು ಕರೆದರು, ನಮ್ಮಲ್ಲಿ ಏಸ್ ಎಂದೇ ಉಳಿಯಿತು. ಅದರ ತೊಟ್ಟಿ ಏಳು ಅಡಿ ಉದ್ದ, ಐದು ಅಡಿಗೆ ತುಸು ಕಡಿಮೆ ಅಗಲ. ಮೇಲೆ ಹೇಳಿದ ಸಾಮಾನೆಲ್ಲ ಒಂದೇ ಟ್ರಿಪ್ಪಿನಲ್ಲಿ ಇದರಲ್ಲಿ ಕೂರುತ್ತದೆ, ಆದರೆ ಕಾಟನ್ನು ಬಿಚ್ಚಿರಬೇಕು. ಬಿಚ್ಚದ ಡಬಲ್ ಕಾಟು ಒಂದೇ ಇಡೀ ತೊಟ್ಟಿಯನ್ನು ನುಂಗಿಬಿಡುತ್ತದೆ. ಅಂದರೆ ಸಣ್ಣ ಮನೆಯ ಸಾಮಾನಿನಲ್ಲಿ ತೂಕ ಸಮಸ್ಯೆಯೇ ಅಲ್ಲ. ಎಲ್ಲ ಸೇರಿಸಿದರೂ ಅರ್ಧ ಟನ್ ಮುಟ್ಟುವುದು ಅಪರೂಪ. ಸಮಸ್ಯೆಯಿರುವುದು ಗಾತ್ರದ್ದು: ಹಾಸಿಗೆ, ಕಾಟು, ಸೋಫಾ. ಈ ಮೂರರಲ್ಲಿ ಯಾವುದೂ ಇಲ್ಲದವರಿಗೆ ಮೂರು ಚಕ್ರದ ಲಗೇಜ್ ಆಟೋ ಧಾರಾಳವಾಗಿ ಸಾಕು. ಸೋಫಾ ಸೆಟ್ಟು, ಬೀರು, ಡೈನಿಂಗ್ ಟೇಬಲ್ ಎಲ್ಲ ಇದ್ದವರು ಬೊಲೆರೋ ಪಿಕಪ್ ಕೇಳುವುದೇ ಮೇಲು. ಏಸ್‌ನಲ್ಲಿ ಎರಡು ಟ್ರಿಪ್ ಹೊಡೆಸಿದರೆ ಹಣ ಉಳಿಯುವುದಿಲ್ಲ, ದಿನವೂ ಉಳಿಯುವುದಿಲ್ಲ.

ಮುಂಚೆ ಈ ಗಾಡಿಗಳನ್ನು ಹಿಡಿಯಲು ಗೂಡ್ಸ್ ಆಟೋ ಸ್ಟ್ಯಾಂಡಿಗೆ ಹೋಗಬೇಕಿತ್ತು. ಕಲಾಸಿಪಾಳ್ಯದಲ್ಲಿ, ಯಶವಂತಪುರದಲ್ಲಿ, ಪ್ರತಿ ಬಡಾವಣೆಯ ಹಾರ್ಡ್‌ವೇರ್ ಅಂಗಡಿ ಸಾಲಿನ ಎದುರು ಈಗಲೂ ಅವು ನಿಂತಿರುತ್ತವೆ. 2014ರಲ್ಲಿ ಶುರುವಾದ ಪೋರ್ಟರ್‌ನಂಥ ಆ್ಯಪ್‌ಗಳು ಆ ಸ್ಟ್ಯಾಂಡನ್ನು ಫೋನಿನೊಳಗೆ ತಂದವು. ರೇಟು ಮೊದಲೇ ತೋರುತ್ತದೆ, ಗಾಡಿ ಎಲ್ಲಿ ಬರುತ್ತಿದೆ ಎಂಬುದೂ ತೋರುತ್ತದೆ. ಇದರಿಂದ ಒಂಟಿಯಾಗಿ ಮನೆ ಬದಲಿಸುವ ಹೆಣ್ಣುಮಕ್ಕಳಿಗೆ ಆದ ಅನುಕೂಲ ಸಣ್ಣದಲ್ಲ. ಸ್ಟ್ಯಾಂಡಿಗೆ ಹೋಗಿ ನಾಲ್ಕು ಜನರ ನಡುವೆ ನಿಂತು ಚೌಕಾಸಿ ಮಾಡುವ ಕಷ್ಟ ತಪ್ಪಿತು, ಗಾಡಿಯ ನಂಬರು, ಡ್ರೈವರ್ ಹೆಸರು ಅಕ್ಕನಿಗೋ ಅಮ್ಮನಿಗೋ ಕಳಿಸಿಡುವ ಧೈರ್ಯ ಬಂತು. ಆದರೆ ಆ್ಯಪ್ ತೋರಿಸುವ ಮೊತ್ತ ಮೂಲತಃ ಗಾಡಿಯದ್ದು, ಡ್ರೈವರಿನದ್ದು. ಹತ್ತಿಸಲು, ಇಳಿಸಲು ಇಷ್ಟು ಹೊತ್ತು ಎಂದು ಅದರೊಳಗೆ ಇರುತ್ತದೆ, ಮೀರಿದರೆ ಕಾಯುವ ಹಣ ಸೇರುತ್ತದೆ. ಹೊರಲು ಜನ ಬೇಕೆಂದರೆ ಬೇರೆಯಾಗಿ ಕೇಳಿಕೊಳ್ಳಬೇಕು, ಅದಕ್ಕೆ ಬೇರೆ ಹಣ. ಇದನ್ನು ಓದಿ ನೋಡುವ ತಾಳ್ಮೆ ಯಾರಿಗಿರುತ್ತದೆ? ಗಾಡಿ ಬಂದು ನಿಲ್ಲುತ್ತದೆ, ಡ್ರೈವರ್ ತೊಟ್ಟಿಯ ಬಾಗಿಲು ತೆಗೆದು ಪಕ್ಕಕ್ಕೆ ನಿಲ್ಲುತ್ತಾರೆ.

“ಅಣ್ಣಾ, ಬನ್ನಿ ಮೇಲೆ, ಫ್ರಿಜ್ಜು ಇಳಿಸ್ಬೇಕು.”

“ಲೇಬರ್ ಹಾಕಿಲ್ವಲ್ಲ ಸಾರ್ ನೀವು, ಬರೀ ಗಾಡಿ ಬುಕ್ ಮಾಡಿದೀರ. ಎಷ್ಟನೇ ಫ್ಲೋರು?”

“ಮೂರನೇದು.”

“ಲಿಫ್ಟು?”

ಲಿಫ್ಟ್ ಇರುವುದಿಲ್ಲ. ಇಲ್ಲಿಂದ ಮುಂದಿನ ಮಾತು ಬಿಸಿಯಾಗುತ್ತದೆ. ಡ್ರೈವರ್ ದುಡ್ಡು ಕೀಳಲು ನೋಡುತ್ತಿದ್ದಾರೆ ಎಂದು ಇವರಿಗೆ, ಬಿಟ್ಟಿ ಕೆಲಸ ಮಾಡಿಸಿಕೊಳ್ಳಲು ನೋಡುತ್ತಿದ್ದಾರೆ ಎಂದು ಅವರಿಗೆ ಅನ್ನಿಸುತ್ತದೆ. ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. ಡ್ರೈವರಿಗೆ ಮುಂದಿನ ಬಾಡಿಗೆಯ ಚಿಂತೆ. ಇಲ್ಲಿ ಎರಡು ಗಂಟೆ ಸಿಕ್ಕಿಕೊಂಡರೆ ಆ ಬಾಡಿಗೆ ಹೋಯಿತು. ಮನೆಯವರು ಹಳೇ ಮನೆಯ ಬೀಗ ಹನ್ನೆರಡಕ್ಕೆ ಮಾಲೀಕರಿಗೆ ಒಪ್ಪಿಸಬೇಕು. ಗೆಲ್ಲುವುದು ಯಾರಿಗೆ ಹೆಚ್ಚು ಅವಸರವಿಲ್ಲವೋ ಅವರು.

ಬೆಂಗಳೂರಿನ ಮೆಟ್ಟಿಲುಗಳ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ಬಾಡಿಗೆಯ ಸಣ್ಣ ಮನೆಗಳಲ್ಲಿ ಹೆಚ್ಚಿನವು 20×30, 30×40 ಅಡಿಯ ಸೈಟುಗಳ ಮೇಲೆ ಎದ್ದಂಥವು. ಕೆಳಗೆ ಪಾರ್ಕಿಂಗ್, ಮೇಲೆ ಮೂರು ಮಹಡಿ, ತಾರಸಿಯ ಮೇಲೆ ಒಂದು ಶೀಟಿನ ಕೋಣೆ. ಬಾಡಿಗೆ ತರುವ ಪ್ರತಿ ಅಡಿಯನ್ನೂ ಕೋಣೆಗೆ ಸೇರಿಸಿ, ಉಳಿದದ್ದನ್ನು ಮೆಟ್ಟಿಲಿಗೆ ಬಿಟ್ಟಿರುತ್ತಾರೆ. ಎರಡೂವರೆ ಅಡಿ ಅಗಲ, ತಿರುವಿನಲ್ಲಿ ಚಪ್ಪಟೆ ಜಾಗದ ಬದಲು ತ್ರಿಕೋನದ ಮೆಟ್ಟಿಲು, ಒಂದು ಬದಿ ಗೋಡೆ, ಇನ್ನೊಂದು ಬದಿ ಕಬ್ಬಿಣದ ಕಂಬಿ, ತಲೆಗೆ ತಾಗುವಂತೆ ಮೇಲಿನ ಮೆಟ್ಟಿಲ ತಳ. ಇದರಲ್ಲಿ ಫ್ರಿಜ್ಜು ಇಳಿಸುವುದನ್ನು ಹತ್ತಿರ ನಿಂತು ನೋಡಬೇಕು.

ಈಜಿಪುರದ ಒಂದು ಕಟ್ಟಡದಲ್ಲಿ ನಾನು ನೋಡಿದ್ದು ಹೀಗೆ. ಇಬ್ಬರು ಹುಡುಗರು, ಒಬ್ಬ ಯಾದಗಿರಿ ಕಡೆಯವನು, ಇನ್ನೊಬ್ಬ ಅಸ್ಸಾಮಿನವನು. ಇಬ್ಬರ ನಡುವೆ ಇದ್ದ ಭಾಷೆ ಕೆಲಸದ್ದು ಮಾತ್ರ. ‘ಬಿಡು’, ‘ರುಕೋ’, ‘ನಿಧಾನ’, ‘ಥೋಡಾ’. ಫ್ರಿಜ್ಜಿನ ಬಾಗಿಲಿಗೆ ಸುತ್ತ ಟೇಪು ಹಾಕಿ, ಹಳೇ ಬೆಡ್‌ಶೀಟು ಸುತ್ತಿ, ಅಗಲವಾದ ಪಟ್ಟಿಯೊಂದನ್ನು ಅದರ ತಳದಡಿಯಿಂದ ತಂದು ಯಾದಗಿರಿಯವನು ಬೆನ್ನ ಮೇಲೆ, ಹೆಗಲ ಮೇಲೆ ಎಳೆದುಕೊಂಡ. ಭಾರವೆಲ್ಲ ಅವನ ಬೆನ್ನಿಗೆ ಬಂತು. ಕೆಳಗಿನ ಮೆಟ್ಟಿಲಲ್ಲಿ ನಿಂತ ಇನ್ನೊಬ್ಬ ಎರಡು ಕೈಗಳಿಂದ ಅವನ ಸೊಂಟವನ್ನೂ ಫ್ರಿಜ್ಜಿನ ಅಂಚನ್ನೂ ಒಟ್ಟಿಗೆ ಹಿಡಿದ. ಹೊತ್ತವನಿಗೆ ಮುಂದಿನ ಮೆಟ್ಟಿಲು ಕಾಣುವುದಿಲ್ಲ, ಪಾದದ ತುದಿಯಿಂದ ತಡವಿ ತಡವಿ ಇಳಿಯುತ್ತಾನೆ. ತಿರುವಿನಲ್ಲಿ ಫ್ರಿಜ್ಜನ್ನು ತುಸು ವಾಲಿಸಿ, ಗೋಡೆಗೂ ಕಂಬಿಗೂ ತಾಗದಂತೆ ಇಡೀ ದೇಹವನ್ನೇ ತಿರುಗಿಸಬೇಕು. ಅಲ್ಲಿ ಅವನು ಉಸಿರು ಹಿಡಿದದ್ದು ಕೇಳಿಸಿತು. ಗೋಡೆಯ ಬಣ್ಣಕ್ಕೆ ಗೀರು ಬಿದ್ದರೆ ಮಾಲೀಕರು ಅಡ್ವಾನ್ಸಿನಲ್ಲಿ ಹಿಡಿಯುತ್ತಾರೆ, ಫ್ರಿಜ್ಜಿಗೆ ಬಿದ್ದರೆ ಇವನ ಕೂಲಿಯಲ್ಲಿ ಹಿಡಿಯುತ್ತಾರೆ. ಕೆಳಗೆ ಇಳಿದ ಮೇಲೆ ಅವನು ಒಂದು ಲೋಟ ನೀರು ಕುಡಿದು, ಮಾತಿಲ್ಲದೆ ಮತ್ತೆ ಮೇಲೆ ಹತ್ತಿದ. ವಾಷಿಂಗ್ ಮಷೀನು ಇನ್ನೂ ಬಾಕಿ ಇತ್ತು.

ಸಿಂಗಲ್ ಡೋರ್ ಫ್ರಿಜ್ಜು ಸುಮಾರು ನಲವತ್ತು ಕಿಲೋ ತೂಗುತ್ತದೆ. ಮೇಲಿಂದ ಬಟ್ಟೆ ಹಾಕುವ ವಾಷಿಂಗ್ ಮಷೀನು ಅದಕ್ಕಿಂತ ಹಗುರ. ಎದುರಿಂದ ಬಟ್ಟೆ ಹಾಕುವ ಮಷೀನು ಅರವತ್ತು ಎಪ್ಪತ್ತು ಕಿಲೋ. ಡ್ರಮ್ಮು ಜೋರಾಗಿ ತಿರುಗುವಾಗ ಅಲುಗಾಡದಿರಲೆಂದು ಅದರೊಳಗೆ ಕಾಂಕ್ರೀಟಿನ ತೂಕ ಕೂರಿಸಿರುತ್ತಾರೆ. ಇನ್ವರ್ಟರ್ ಬ್ಯಾಟರಿ ನೋಡಲು ಸಣ್ಣದು, ಎತ್ತಿದರೆ ಐವತ್ತು ಕಿಲೋ ದಾಟುತ್ತದೆ. ವಯಸ್ಕ ಗಂಡಸೊಬ್ಬ ಹೊರುವ ಭಾರಕ್ಕೆ 55 ಕಿಲೋ ಮಿತಿಯಿರಲಿ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿತ್ತು. ಆ ಮಿತಿ ಸಮತಟ್ಟು ನೆಲಕ್ಕೋ ಮೂರು ಮಹಡಿಯ ಮೆಟ್ಟಿಲಿಗೋ ಎಂದು ಯೋಚಿಸಿದರೆ ಮೈ ನಡುಗುತ್ತದೆ.

ಹೊರುವ ಕೆಲಸಕ್ಕೆ ನಮ್ಮ ದೇಶದಲ್ಲಿ ಕಾನೂನಿನ ಇತಿಹಾಸವೂ ಇದೆ. ಮಹಾರಾಷ್ಟ್ರ 1969ರಲ್ಲಿ ಮಾಥಾಡಿ, ಹಮಾಲ ಮತ್ತಿತರ ಕೈಕೆಲಸಗಾರರ ಕಾಯ್ದೆ ತಂದಿತು. ಅದರ ಹಿಂದೆ ಅಣ್ಣಾಸಾಹೇಬ ಪಾಟೀಲರು ಕಟ್ಟಿದ ಮುಂಬೈ ಹಮಾಲರ ಸಂಘಟನೆಯ ಬಲವಿತ್ತು. ವರ್ತಕರು ಕೂಲಿಯನ್ನು ಆ ಕಾಯ್ದೆಯಡಿಯ ಮಂಡಳಿಗೆ ಕಟ್ಟಬೇಕು, ಅದರ ಮೇಲೆ ಲೆವಿ ಕೊಡಬೇಕು, ಆ ಲೆವಿಯಿಂದ ಭವಿಷ್ಯನಿಧಿ, ರಜೆ, ವೈದ್ಯಕೀಯ ನೆರವು ಎಂಬ ವ್ಯವಸ್ಥೆ ಅದು. ಕೇರಳ 1978ರಲ್ಲಿ ತಲೆಹೊರೆ ಕಾರ್ಮಿಕರ ಕಾಯ್ದೆ ಮಾಡಿತು. ಅಲ್ಲಿ ಅದು ಇನ್ನೊಂದು ಅತಿರೇಕಕ್ಕೂ ಹೋಗಿ, ಮನೆಯವರೇ ಸಾಮಾನು ಇಳಿಸಿಕೊಂಡರೂ ನೋಡುತ್ತ ನಿಂತದ್ದಕ್ಕೆ ಕೂಲಿ ಕೇಳುವ ನೋಕ್ಕುಕೂಲಿ ಬೆಳೆಯಿತು. 2018ರ ಮೇ 1ರಿಂದ ಅಲ್ಲಿನ ಸರ್ಕಾರವೇ ಅದನ್ನು ನಿಷೇಧಿಸಿತು. ನಮ್ಮ ರಾಜ್ಯದಲ್ಲಿ ಹಮಾಲರು ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯ ಪಟ್ಟಿಯಲ್ಲಿದ್ದಾರೆ, ಗುರುತಿನ ಚೀಟಿ ಪಡೆಯಬಹುದು. ಆದರೆ ಹಮಾಲ ಎಂದರೆ ನಮ್ಮ ಕಣ್ಣಿಗೆ ಬರುವುದು ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವವರು. ಮನೆ ಸಾಮಾನು ಹೊರುವ ಹುಡುಗ ಯಾವ ಯಾರ್ಡಿಗೂ ಸೇರಿದವನಲ್ಲ. 2025ರಲ್ಲಿ ಮೊದಲು ಸುಗ್ರೀವಾಜ್ಞೆಯಾಗಿ, ಆಮೇಲೆ ಕಾಯ್ದೆಯಾಗಿ ಬಂದ ಕರ್ನಾಟಕದ ಗಿಗ್ ಕಾರ್ಮಿಕರ ಕಾನೂನು ಸರಕು ಸಾಗಣೆಯ ಆ್ಯಪ್‌ಗಳನ್ನೂ ಒಳಗೊಂಡಿದೆ. ಕಾರ್ಮಿಕರಿಗೆ ಕೊಡುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳು ಕಟ್ಟಬೇಕು ಎನ್ನುತ್ತದೆ. ಇದು ಆ್ಯಪ್‌ನಲ್ಲಿ ಹೆಸರಿರುವ ಡ್ರೈವರಿಗೆ ದೊಡ್ಡ ಆಸರೆಯಾಗಬಹುದು. ಡ್ರೈವರ್ ಫೋನ್ ಮಾಡಿ ‘ಬಾರೋ, ಒಂದು ಶಿಫ್ಟಿಂಗ್ ಇದೆ’ ಎಂದು ಕರೆಸಿಕೊಳ್ಳುವ ಹುಡುಗನ ಹೆಸರು ಯಾವ ಆ್ಯಪ್‌ನಲ್ಲಿದೆ? ಬೆನ್ನು ಹಿಡಿದುಕೊಂಡರೆ, ಕಾಲಿನ ಮೇಲೆ ಬೀರು ಬಿದ್ದರೆ ಅವನಿಗೆ ಯಾರೂ ಇಲ್ಲ. ಈ ಕಾನೂನು ಅವನವರೆಗೂ ಇಳಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಕಂಪನಿಗಳ ಮಾತು. ಒಳ್ಳೆಯ ಪ್ಯಾಕರ್ಸ್ ಕಂಪನಿಗಳು ಇವೆ, ಸಣ್ಣ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡುವವರಿದ್ದಾರೆ. ತೊಂದರೆಯಿರುವುದು ಅವರನ್ನು ಹುಡುಕುವ ದಾರಿಯಲ್ಲಿ. ಇಂಟರ್‌ನೆಟ್ಟಿನಲ್ಲಿ ಒಂದು ಕಡೆ ಫೋನ್ ನಂಬರ್ ಕೊಟ್ಟರೆ ಹತ್ತು ನಿಮಿಷದಲ್ಲಿ ಹತ್ತು ಕರೆ ಬರುತ್ತವೆ. ನಿಮ್ಮ ನಂಬರು ಮಾರಾಟವಾಗಿದೆ ಎಂದು ಅರ್ಥ. ಕರೆ ಮಾಡಿದವರಲ್ಲಿ ಹಲವರ ಬಳಿ ಗಾಡಿಯೂ ಇರುವುದಿಲ್ಲ, ಹುಡುಗರೂ ಇರುವುದಿಲ್ಲ. ಕಡಿಮೆ ರೇಟು ಹೇಳಿ, ಅಡ್ವಾನ್ಸ್ ಹಾಕಿಸಿಕೊಂಡು, ಕೆಲಸವನ್ನು ಇನ್ನೊಬ್ಬರಿಗೆ ದಾಟಿಸುತ್ತಾರೆ. ಆ ಇನ್ನೊಬ್ಬರು ಬಂದು ಸಾಮಾನು ಏರಿಸಿದ ಮೇಲೆ ‘ನಮಗೆ ಹೇಳಿದ್ದು ಬೇರೆ’ ಎನ್ನುತ್ತಾರೆ. ಆಗ ಮನೆಯ ಸಾಮಾನೆಲ್ಲ ಅವರ ಗಾಡಿಯಲ್ಲಿರುತ್ತದೆ. ನನ್ನ ಪರಿಚಯದ ಹುಡುಗಿಯೊಬ್ಬಳಿಗೆ ಹೀಗೇ ಆಯಿತು. ಸಿಲ್ಕ್ ಬೋರ್ಡ್ ಹತ್ತಿರ ಗಾಡಿ ನಿಲ್ಲಿಸಿ, ಮಾತಾಡಿದ್ದಕ್ಕಿಂತ ದುಪ್ಪಟ್ಟು ಕೊಟ್ಟರಷ್ಟೇ ಮುಂದೆ ಹೋಗುವುದಾಗಿ ಹೇಳಿದರು. ಗಾಡಿಯ ನಂಬರ್ ಪ್ಲೇಟಿನ ಫೋಟೊ ಅವಳ ಬಳಿ ಇತ್ತು, ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಂಡ ರೇಟೂ ಇತ್ತು. ಪೊಲೀಸರಿಗೆ 112ಕ್ಕೆ ಕರೆ ಮಾಡುತ್ತೇನೆ ಎಂದ ಮೇಲೆ ಗಾಡಿ ಹೊರಟಿತು. ಆ ಎರಡು ಇಲ್ಲದಿದ್ದರೆ ಅವಳು ಆ ಹಣ ಕೊಡಬೇಕಾಗುತ್ತಿತ್ತು.

ಹಾಗಾಗಿ ಕಂಪನಿಯಾದರೆ ಅಡ್ವಾನ್ಸ್ ಹಾಕುವ ಮುಂಚೆ ನೋಡಬೇಕಾದ್ದು ಜಿಎಸ್‌ಟಿ ನಂಬರು. ಅದು 15 ಅಕ್ಷರ-ಅಂಕಿಗಳದ್ದು. ಕರ್ನಾಟಕದಲ್ಲಿ ನೋಂದಾಯಿಸಿದ್ದಾದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಯಾರು ಬೇಕಾದರೂ ಹಾಕಿ ನೋಡಬಹುದು, ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ತೋರುತ್ತದೆ. ಪ್ರಸಿದ್ಧ ಕಂಪನಿಯೊಂದರ ಹೆಸರಿಗೆ ಒಂದಕ್ಷರ ಸೇರಿಸಿ ಬೋರ್ಡು ಹಾಕಿಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ. ಬಿಲ್ಲು ಕೊಡುವುದಿಲ್ಲ ಎನ್ನುತ್ತಲೇ ಜಿಎಸ್‌ಟಿ ಸೇರಿಸಿ ಹಣ ಕೇಳುವವರಿಗೆ ಕೆಲಸ ಕೊಡುವುದೇ ಬೇಡ.

ಸಾಮಾನು ಸಾಗಿಸುವವರ ಹೊಣೆಗೂ ಒಂದು ಕಾನೂನಿದೆ, ಬಹಳ ಜನಕ್ಕೆ ಗೊತ್ತಿಲ್ಲ. 1865ರ ಹಳೇ ಕ್ಯಾರಿಯರ್ಸ್ ಕಾಯ್ದೆಯನ್ನು ತೆಗೆದು 2007ರಲ್ಲಿ ಸಂಸತ್ತು ರಸ್ತೆ ಸಾಗಣೆ ಕಾಯ್ದೆಯನ್ನು ಮಾಡಿತು. 2011ರಲ್ಲಿ ಅದು ನಿಯಮಗಳೊಂದಿಗೆ ಜಾರಿಗೆ ಬಂತು. ರಸೀದಿ ಕೊಟ್ಟು ಸರಕು ಸಾಗಿಸುವ ಕಂಪನಿ ಮಾತ್ರವಲ್ಲ, ಬುಕಿಂಗ್ ಏಜೆಂಟ್, ಬ್ರೋಕರ್ ಕೂಡ ಇದರ ಕೆಳಗೆ ಬರುತ್ತಾರೆ. ಸಾಮಾನು ಕಳೆದರೆ, ಮುರಿದರೆ ಅವರ ಹೊಣೆ ಕಟ್ಟಿದ ಬಾಡಿಗೆಯ ಹತ್ತು ಪಟ್ಟಿನವರೆಗೆ. ನೀವು 4,000 ರೂಪಾಯಿ ಬಾಡಿಗೆ ಕೊಟ್ಟಿದ್ದರೆ 40,000ದವರೆಗೆ. ಅದಕ್ಕಿಂತ ಬೆಲೆಬಾಳುವ ವಸ್ತುವಿದ್ದರೆ ಮೊದಲೇ ಬೆಲೆ ಬರೆಸಿ, ಹೆಚ್ಚಿನ ಹೊಣೆ ಒಪ್ಪಿಸಿಕೊಳ್ಳಬೇಕು. ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡದಿದ್ದರೆ ದಾವೆ ಹೂಡುವ ದಾರಿ ಮುಚ್ಚುತ್ತದೆ. ಇಷ್ಟಕ್ಕೆಲ್ಲ ಬೇಕಾದ್ದು ಒಂದು ರಸೀದಿ, ಅದರಲ್ಲಿ ಸಾಮಾನಿನ ಪಟ್ಟಿ. ಸಣ್ಣ ಸ್ಥಳಾಂತರದಲ್ಲಿ ಯಾರೂ ಕೇಳದೆ ಬಿಡುವುದು ಇದನ್ನೇ. ರಸೀದಿಯಿದ್ದವರು ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ದೂರು ಹೇಳಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅರ್ಜಿಗೆ ಶುಲ್ಕವೂ ಇಲ್ಲ. ‘ಟ್ರಾನ್ಸಿಟ್ ಇನ್ಶೂರೆನ್ಸ್’ ಎಂದು ಬಿಲ್ಲಿಗೆ ಒಂದಿಷ್ಟು ಸೇರಿಸಿದರೆ ವಿಮಾ ಕಂಪನಿಯ ಹೆಸರಿರುವ ಪಾಲಿಸಿ ತೋರಿಸಿ ಎನ್ನಿ. ತೋರಿಸಲಾಗದಿದ್ದರೆ ಆ ಸಾಲನ್ನು ಬಿಲ್ಲಿನಿಂದ ಹೊಡೆದುಹಾಕಿಸಿ.

ಲಗೇಜ್ ಆಟೋದವರ ಬಳಿ ಇಂಥ ರಸೀದಿ ಸಿಗುವುದಿಲ್ಲ, ಅದನ್ನು ನಿರೀಕ್ಷಿಸುವುದೂ ತಪ್ಪು. ಅಲ್ಲಿ ಕಾಯುವುದು ನಮ್ಮ ಕಣ್ಣೇ. ಗಾಡಿಯ ಹಿಂದೆ ಬೈಕಿನಲ್ಲಿ ಹೋಗುವುದಕ್ಕಿಂತ ಕ್ಯಾಬಿನ್ನಿನಲ್ಲಿ ಡ್ರೈವರ್ ಪಕ್ಕ ಕೂರುವುದು ಒಳ್ಳೆಯದು. ಸಾಮಾನಿನ ಮಾಲೀಕರು ಗೂಡ್ಸ್ ಗಾಡಿಯಲ್ಲಿ ಹೋಗುವಾಗ ಅಪಘಾತವಾದರೆ ಅವರಿಗೂ ವಿಮೆ ಅನ್ವಯಿಸುವಂತೆ ಮೋಟಾರು ವಾಹನ ಕಾಯ್ದೆಗೆ 1994ರಲ್ಲಿ ತಿದ್ದುಪಡಿಯಾಗಿದೆ. ಆದರೆ ಹಾಸಿಗೆಯ ಮೇಲೆ ಹುಡುಗರನ್ನು ಕೂರಿಸಿಕೊಂಡು ಹೋಗುವ ರೂಢಿಯಿದೆಯಲ್ಲ, ಅದನ್ನು ಒಪ್ಪಬೇಡಿ. ಫ್ಲೈಓವರ್ ಇಳಿಜಾರಿನಲ್ಲಿ ಬ್ರೇಕ್ ಹಾಕಿದರೆ ಹಾಸಿಗೆ ಜಾರುತ್ತದೆ, ಅವರೂ ಜಾರುತ್ತಾರೆ. ಅವರಿಗೆ ಬೇರೆ ಆಟೋ ಮಾಡಿಕೊಡಿ, ಬಸ್ಸಿನ ಹಣ ಕೊಡಿ.

ಸಾಮಾನು ಕಟ್ಟುವ ವಿಚಾರದಲ್ಲಿ ಎಲ್ಲವನ್ನೂ ಹೇಳುತ್ತ ಕೂರುವುದಿಲ್ಲ, ತಪ್ಪಾಗುವ ಕಡೆಗಳನ್ನು ಮಾತ್ರ ಹೇಳುತ್ತೇನೆ. ಪುಸ್ತಕವನ್ನು ದೊಡ್ಡ ಡಬ್ಬಕ್ಕೆ ತುಂಬುವುದು ಎಲ್ಲರೂ ಮಾಡುವ ತಪ್ಪು. ಎತ್ತುವಾಗ ತಳ ಕಿತ್ತುಬರುತ್ತದೆ, ಇಲ್ಲವೇ ಎತ್ತುವವರ ನಡು ಹಿಡಿಯುತ್ತದೆ. ಬಿಸ್ಕತ್ತಿನ ಡಬ್ಬದಷ್ಟು ಸಣ್ಣವು ಸಾಕು. ಕಿರಾಣಿ ಅಂಗಡಿಯಲ್ಲಿ, ಗುಜರಿಯವರಲ್ಲಿ ಅಗ್ಗಕ್ಕೆ ಸಿಗುತ್ತವೆ. ಬಟ್ಟೆಗೆ ಡಬ್ಬವೇ ಬೇಡ, ಬೆಡ್‌ಶೀಟಿನಲ್ಲಿ ಗಂಟು ಕಟ್ಟಿದರೆ ಆ ಗಂಟು ಟಿವಿಗೂ ಗೋಡೆಗೂ ನಡುವೆ ಮೆತ್ತೆಯಾಗುತ್ತದೆ. ಫ್ರಿಜ್ಜನ್ನು ಹಿಂದಿನ ರಾತ್ರಿಯೇ ಆಫ್ ಮಾಡಿ ನೀರು ಇಳಿಸಿ, ನಿಲ್ಲಿಸಿಯೇ ಸಾಗಿಸಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಹರಿಯುತ್ತದೆ, ಹಾಗಾದರೆ ಹೊಸ ಮನೆಯಲ್ಲಿ ಕೆಲವು ಗಂಟೆ ನಿಲ್ಲಿಸಿ ಆಮೇಲೆಯೇ ಸ್ವಿಚ್ ಹಾಕಬೇಕು. ಎದುರಿನಿಂದ ಬಟ್ಟೆ ಹಾಕುವ ವಾಷಿಂಗ್ ಮಷೀನು ಕೊಳ್ಳುವಾಗ ಅದರ ಬೆನ್ನಿಗೆ ನಾಲ್ಕು ಉದ್ದನೆಯ ಬೋಲ್ಟು ಇರುತ್ತವೆ. ಕೂರಿಸಲು ಬಂದ ಮೆಕ್ಯಾನಿಕ್ ಅವನ್ನು ಬಿಚ್ಚಿ ಕೈಗೆ ಕೊಡುತ್ತಾನೆ, ನಾವು ಕಸಕ್ಕೆ ಹಾಕುತ್ತೇವೆ. ಡ್ರಮ್ಮನ್ನು ಬಿಗಿದು ಹಿಡಿಯುವ ಅವೇ ಬೋಲ್ಟುಗಳು ಮತ್ತೆ ಸಾಗಿಸುವಾಗ ಬೇಕು. ಗ್ಯಾಸ್ ಸಿಲಿಂಡರ್ ತುಂಬಿದ್ದರೆ 14.2 ಕಿಲೋ ಗ್ಯಾಸೂ ಸೇರಿ ಮೂವತ್ತು ಕಿಲೋ ಭಾರ. ಅದಕ್ಕಿಂತ ಮುಖ್ಯವಾಗಿ ಬಹಳ ಕಂಪನಿಗಳು ಅದನ್ನು ಮುಟ್ಟುವುದೇ ಇಲ್ಲ. ಊರೊಳಗೇ ಬೇರೆ ಏಜೆನ್ಸಿಗೆ ಸಂಪರ್ಕ ವರ್ಗಾಯಿಸಿಕೊಂಡರೆ ಸಿಲಿಂಡರನ್ನು ಒಪ್ಪಿಸಬೇಕಿಲ್ಲ. ಬೇರೆ ಊರಿಗೆ ಹೋಗುವುದಾದರೆ ಒಪ್ಪಿಸಿ, ಠೇವಣಿ ಹಿಂದೆ ಪಡೆದು, ಟರ್ಮಿನೇಷನ್ ವೋಚರ್ ಇಟ್ಟುಕೊಳ್ಳಬೇಕು. ಬಂಗಾರ, ಸರ್ಟಿಫಿಕೇಟುಗಳು, ಲ್ಯಾಪ್‌ಟಾಪು ನಿಮ್ಮ ಬೆನ್ನಿನ ಬ್ಯಾಗಿನಲ್ಲೇ ಇರಲಿ.

ದಿನ ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದವರು ತಿಂಗಳ ಕೊನೆ ಬಿಡಿ, ಭಾನುವಾರ ಬಿಡಿ. ಆಷಾಢದಲ್ಲಿ ಹೊಸ ಮನೆಗೆ ಹೋಗಬಾರದೆಂಬ ನಂಬಿಕೆ ಈ ಊರಲ್ಲಿ ಇನ್ನೂ ಗಟ್ಟಿಯಾಗಿದೆ. ಆ ತಿಂಗಳು ಗಾಡಿಯವರ ಕೈ ಖಾಲಿ, ಶ್ರಾವಣ ಬಂದ ಕೂಡಲೇ ಅವರಿಗೆ ಪುರುಸೊತ್ತಿಲ್ಲ. ನಂಬಿಕೆ ಇಲ್ಲದವರು ಆಷಾಢದಲ್ಲಿ ಹೋದರೆ ಒಳ್ಳೆಯ ಹುಡುಗರು, ಹೇಳಿದ ವೇಳೆಗೆ ಸಿಗುತ್ತಾರೆ. ನಂಬಿಕೆ ಇರುವವರು ಒಳ್ಳೆಯ ದಿನ ನೋಡಿ ಹಾಲು ಉಕ್ಕಿಸಿ, ದೇವರ ಪಟ, ದೀಪ, ಉಪ್ಪು ಒಯ್ದಿಟ್ಟು ಬಂದು, ಭಾರದ ಸಾಮಾನನ್ನು ಆಮೇಲೊಂದು ವಾರದ ದಿನ ಸಾಗಿಸಬಹುದು. ಹಲವು ಮನೆಗಳಲ್ಲಿ ಹೀಗೇ ಮಾಡುತ್ತಾರೆ, ಯಾರ ಮನಸ್ಸಿಗೂ ಕಸಿವಿಸಿಯಿಲ್ಲ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಸಂಜೆ ಮಳೆ ಗ್ಯಾರಂಟಿ ಎಂದುಕೊಂಡು ಬೆಳಗ್ಗೆಯೇ ಹೊರಡಿ, ಟಾರ್ಪಾಲು ಇದೆಯೇ ಎಂದು ಗಾಡಿಯವರನ್ನು ಕೇಳಿ. ಅಪಾರ್ಟ್‌ಮೆಂಟಿಗೆ ಹೋಗುವವರು ಮಾತ್ರ ಇನ್ನೊಂದು ಫೋನ್ ಮಾಡಬೇಕು. ಸಂಘದ ನಿಯಮ ಪ್ರತಿಯೊಂದು ಕಡೆ ಬೇರೆ. ಕೆಲವು ಕಡೆ ಭಾನುವಾರ ಸಾಮಾನು ಒಳಗೆ ಬಿಡುವುದಿಲ್ಲ, ಕೆಲವು ಕಡೆ ಸರ್ವಿಸ್ ಲಿಫ್ಟ್ ಮಾತ್ರ, ಕೆಲವು ಕಡೆ ಮನೆ ಮಾಲೀಕರ ಒಪ್ಪಿಗೆ ಪತ್ರವಿಲ್ಲದೆ ಗೇಟು ತೆಗೆಯುವುದಿಲ್ಲ. ಗಾಡಿ ಗೇಟಿನ ಹೊರಗೆ ನಿಂತ ಹೊತ್ತಿಗೆ ಕಾಯುವ ಹಣ ಓಡುತ್ತಲೇ ಇರುತ್ತದೆ.

ಇನ್ನು ಫೋನಿನಲ್ಲಿ ಆಡಬೇಕಾದ ಮಾತು. ನಾನಾದರೆ ಹೀಗೆ ಕೇಳುತ್ತೇನೆ: “ಅಣ್ಣಾ, ಈಜಿಪುರದಿಂದ ಹೊರಮಾವು. ಇಲ್ಲಿ ಮೂರನೇ ಮಹಡಿ, ಲಿಫ್ಟ್ ಇಲ್ಲ, ಮೆಟ್ಟಿಲು ಕಿರಿದು. ಅಲ್ಲಿ ಎರಡನೇದು, ಲಿಫ್ಟ್ ಇಲ್ಲ. ಗಾಡಿ ಮನೆ ಬಾಗಿಲಿಗೆ ಬರಲ್ಲ, ಮೂವತ್ತು ಹೆಜ್ಜೆ ಹೊರಬೇಕು. ಫ್ರಿಜ್ಜು, ವಾಷಿಂಗ್ ಮಷೀನು, ಡಬಲ್ ಕಾಟು, ಹದಿನೈದು ಡಬ್ಬ. ಗಾಡಿಗೆಷ್ಟು, ಇಬ್ಬರು ಹುಡುಗರಿಗೆಷ್ಟು, ಕಾಟು ಬಿಚ್ಚಿ ಜೋಡಿಸೋದಕ್ಕೆಷ್ಟು, ಬೇರೆ ಬೇರೆ ಹೇಳಿ.” ಮೆಟ್ಟಿಲ ಒಂದು ವಿಡಿಯೊ, ಸಾಮಾನಿನ ನಾಲ್ಕು ಫೋಟೊ ವಾಟ್ಸ್‌ಆ್ಯಪ್‌ಗೆ ಕಳಿಸಿ, ಉತ್ತರವನ್ನು ಅಲ್ಲೇ ಬರೆಸಿಕೊಂಡರೆ ಬಾಗಿಲಲ್ಲಿ ಮಾತು ಬೆಳೆಯುವುದಿಲ್ಲ. ರೇಟು ಹೆಚ್ಚು ಅನ್ನಿಸಿದರೆ ಚೌಕಾಸಿ ಮಾಡಿ, ಆದರೆ ಗಾಡಿಯ ಬಾಡಿಗೆಯಲ್ಲಿ ಮಾಡಿ. ಹುಡುಗರ ಕೂಲಿಯಲ್ಲಿ ಕಡಿಮೆ ಮಾಡಿಸಿದರೆ ಇಬ್ಬರ ಬದಲು ಒಬ್ಬ ಬರುತ್ತಾನೆ, ಆ ಒಬ್ಬನ ಜೊತೆ ಫ್ರಿಜ್ಜಿಗೆ ಕೈಕೊಡಬೇಕಾದವರು ನೀವೇ ಆಗುತ್ತೀರಿ, ಅಭ್ಯಾಸವಿಲ್ಲದ ಕೈ ಆ ತಿರುವಿನಲ್ಲಿ ಅವನ ಬೆರಳನ್ನೇ ಜಜ್ಜುತ್ತದೆ.

ಹೊಸ ಮನೆಯಲ್ಲಿ ಹುಡುಗರು ಹೊರಡುವ ಮುಂಚೆ ಅವರಿಂದಲೇ ಕಾಟನ್ನು ಜೋಡಿಸಿಕೊಳ್ಳಿ, ಫ್ರಿಜ್ಜು, ಬೀರುಗಳನ್ನು ಇರಬೇಕಾದ ಗೋಡೆಗೇ ಸೇರಿಸಿಕೊಳ್ಳಿ. ಆಮೇಲೆ ಒಬ್ಬರೇ ತಳ್ಳಲಾಗದು. ಡಬ್ಬಗಳನ್ನು ಎಣಿಸಿಕೊಳ್ಳಿ. ಹಣ ಕೊಡುವಾಗ ಗಾಡಿಯದ್ದನ್ನು ಡ್ರೈವರಿಗೆ, ಕೂಲಿಯನ್ನು ಹೊತ್ತವರ ಕೈಗೇ ಬೇರೆ ಬೇರೆಯಾಗಿ ಕೊಡಿ. ಒಟ್ಟು ಮೊತ್ತ ಒಬ್ಬರಿಗೇ ಹೋದರೆ ಯಾರಿಗೆ ಎಷ್ಟು ಸೇರಿತೆಂದು ನಮಗೆ ತಿಳಿಯುವುದಿಲ್ಲ. ಊರಿಗೆ ಹಣ ಕಳಿಸಬೇಕಾದವರು ಯುಪಿಐ ಕೇಳುತ್ತಾರೆ, ಫೋನಿಲ್ಲದವರಿಗೆ ನೋಟು ಬೇಕು. ಹಿಂದಿನ ದಿನವೇ ಎಟಿಎಂನಿಂದ ನೂರು, ಇನ್ನೂರರ ನೋಟು ತಂದಿಟ್ಟುಕೊಂಡಿದ್ದರೆ ಚಿಲ್ಲರೆಗಾಗಿ ಯಾರನ್ನೂ ನಿಲ್ಲಿಸಬೇಕಾಗುವುದಿಲ್ಲ.